ಎಡಕ್ಕೆ ವಾಲಿದ ವಿಮಾನ

ಮೂರು ನಿಮಿಷ ಮೂವತ್ತೆಂಟು ಸೆಕೆಂಡ್.

ಸತ್ಯಪ್ಪ ಎಡಗೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಪೈಲಟ್‌ನ ಕುರ್ಚಿಯಲ್ಲಿ ಕುಳಿತಿದ್ದ. ಏನೇ ಆದರೂ ಈ ಸಲ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದ.

ಮೂವತ್ತೊಂಬತ್ತು. ನಲವತ್ತು.

ಸ್ಟಿಯರಿಂಗ್ ತಾನಾಗಿ ಎಡಕ್ಕೆ ತಿರುಗಿತು. ಕಣ್ಣಿಗೆ ಕಾಣದ ಯಾರೋ ಎದುರಿಗೆ ಕುಳಿತು ನಿಧಾನಕ್ಕೆ ತಿರುಗಿಸಿದ ಹಾಗೆ. ಅದರ ಹಿಂದೆಯೇ ಕುರ್ಚಿ, ನೆಲ, ಸುತ್ತಲಿನ ಮುಳ್ಳು ಗಡಿಯಾರಗಳೆಲ್ಲ ಎಡಕ್ಕೆ ವಾಲಿದವು. ಎತ್ತರ ತೋರಿಸುವ ಮುಳ್ಳು ಇಳಿಯತೊಡಗಿತು. ಒಂಬತ್ತು ಸಾವಿರ ಅಡಿ. ಎಂಟು ಸಾವಿರದ ಏಳುನೂರು. ಎಂಟು ಸಾವಿರದ ನಾನೂರು.

ಆಣೆ ಮರೆತುಹೋಯಿತು. ಆಟೋಪೈಲಟ್ ಬಿಡಿಸುವ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಬಿಡಲಿಲ್ಲ. ಎರಡೂ ಕೈಯಿಂದ ಸ್ಟಿಯರಿಂಗನ್ನು ಬಲಕ್ಕೆ ಎಳೆದ. ಕೆಸರಲ್ಲಿ ಹೂತ ಬಂಡಿಯ ಗಾಲಿಯಂತೆ ಅದು ಕದಲಲಿಲ್ಲ.

ಇದು ಹಾರುವ ವಿಮಾನವಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೈಲಹೊಂಗಲದ ಹೊರಗೆ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಳಗೆ, ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತ ಒಂದು ಕೋಣೆ ಅದು. ಪೈಲಟ್‌ಗಳು ನೆಲದ ಮೇಲೆಯೇ ಕಲಿಯಲಿ ಎಂದು ವಿಮಾನ ಕಂಪನಿ ಪರದೇಶದಿಂದ ತರಿಸಿದ್ದ ಹಳೆಯ ಸಿಮ್ಯುಲೇಟರ್. ನೆಲ ಎಂಟೇ ಅಡಿ ಕೆಳಗಿತ್ತು. ಆದರೂ ಕಿಟಕಿಗಳಿಗೆ ಬಳಿದ ಬಿಳಿ ಬಣ್ಣ ಅವನಿಗೆ ಮಂಜಾಗಿಯೇ ಕಂಡಿತು.

ಮುಖ್ಯ ಸ್ವಿಚ್ ಕಿತ್ತ ಮೇಲೆಯೇ ಕೋಣೆ ಉಸ್ಸೆಂದು ನೆಟ್ಟಗಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗಸ್ಟ್ ಒಂಬತ್ತಕ್ಕೆ ಹೀಗೇ ಎಡಕ್ಕೆ ವಾಲಿ ಬಿದ್ದ ಕಂಪನಿಯ ನಿಜವಾದ ವಿಮಾನದಲ್ಲಿ ಮೂವತ್ತೊಂದು ಜನ ಸತ್ತಿದ್ದರು. ಕಂಪನಿಯ ವಿಮಾನಗಳನ್ನೂ ಈ ಸಿಮ್ಯುಲೇಟರನ್ನೂ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಲಕ್ಕಪ್ಪ ಒಂಬತ್ತು ದಿನದಿಂದ ಕಾಣೆಯಾಗಿದ್ದ.

ಲಕ್ಕಪ್ಪನ ಸೈಕಲ್ ಸಿಕ್ಕಿದ್ದು ಸವದತ್ತಿಯ ಆಚೆ, ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ. ಪೊಲೀಸರು ಮುಳುಗಿ ಸತ್ತ ಎಂದು ಬರೆದುಕೊಂಡು ಹೋದರು. ಸತ್ಯಪ್ಪ ಅದನ್ನು ನಂಬಿರಲಿಲ್ಲ. ಏರ್‌ಫೋರ್ಸ್‌ನಲ್ಲಿ ಹದಿನೈದು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ವಿಮಾನದ ಮುಳ್ಳು ಗಡಿಯಾರ ರಿಪೇರಿ ಮಾಡಿದವರು. ಲಕ್ಕಪ್ಪ ನೀರಿಗೆ ಹೆದರುತ್ತಿದ್ದ. ಸ್ನಾನಕ್ಕೂ ಹೊಳೆಗೆ ಇಳಿಯದವನು.

ಪಿಂಚಣಿ ಪಡೆದು ಬಂದ ಮೇಲೆ ಸತ್ಯಪ್ಪ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಸಂಪಗಾಂವದ ಅವನ ಅಪ್ಪ ಐವತ್ತಾರನೇ ಇಸವಿಯಲ್ಲಿ ಬೌದ್ಧನಾದವನು. ‘ಕಣ್ಣಿಲೆ ನೋಡಿದ್ದನ್ನ ಅಷ್ಟ ಹೇಳು, ಅದನ್ನ ಹೆದರದ ಹೇಳು’ ಎಂದು ಮಗನಿಗೆ ಹೇಳುತ್ತಿದ್ದ. ಮೊದಲನೆಯದನ್ನು ಸತ್ಯಪ್ಪ ಪಾಲಿಸಿದ್ದ. ಎರಡನೆಯದು ಅವನಿಗೆ ಯಾವತ್ತೂ ಒಗ್ಗಿರಲಿಲ್ಲ.

ಬರುವ ಸೋಮವಾರ ಸರ್ಕಾರದ ತನಿಖೆಯವರು ಇಲ್ಲಿಗೇ ಬರುವವರಿದ್ದರು. ಕಂಪನಿಯ ಪೈಲಟ್ ಒಬ್ಬ ಅವರೆದುರು ಸಿಮ್ಯುಲೇಟರ್ ಹಾರಿಸಿ, ಆಟೋಪೈಲಟ್ ಯಾವತ್ತೂ ತಾನಾಗಿ ವಾಲುವುದಿಲ್ಲ, ತಪ್ಪು ಸತ್ತ ಪೈಲಟ್‌ನದೇ ಎಂದು ತೋರಿಸಬೇಕಿತ್ತು. ಆದರೆ ಸಿಮ್ಯುಲೇಟರೇ ಕೆಟ್ಟು ಕುಳಿತಿತ್ತು. ಲಕ್ಕಪ್ಪನಿಲ್ಲ. ಹಾಗಾಗಿ ಕಂಪನಿ ಸತ್ಯಪ್ಪನನ್ನು ಕರೆಸಿತ್ತು.

ಅವನು ಒಪ್ಪಿ ಬಂದದ್ದು ಇನ್ನೊಬ್ಬರ ಮಾತಿಗೆ ಎಂಬುದು ಕಂಪನಿಗೆ ಗೊತ್ತಿರಲಿಲ್ಲ. ಸತ್ತ ಪೈಲಟ್ ಕ್ಯಾಪ್ಟನ್ ಬಾಳು ದೊಡವಾಡರ ಹೆಂಡತಿ, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ರಾಯವ್ವ ಅಕ್ಕಾರು. ‘ನಮ್ಮ ಮನಿಯವ್ರ ಹೆಸರ ಉಳಸ್ರಿ ಅಣ್ಣಾರ’ ಎಂದು ಗಂಡನ ಡೈರಿಯನ್ನು ಅವನ ಕೈಗಿಟ್ಟಿದ್ದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಆ ಒಣ ಕಣ್ಣು ನೋಡಿಯೇ ಸತ್ಯಪ್ಪ ಒಪ್ಪಿಕೊಂಡಿದ್ದ.

ಬೆಳಗಿನಿಂದ ಅವನು ಒಂದೊಂದೇ ಬಿಚ್ಚಿ ನೋಡಿದ್ದ. ಆಟೋಪೈಲಟ್ ಹಾಕದೆ ಕೈಯಿಂದ ಹತ್ತು ನಿಮಿಷ ಹಾರಿಸಿದ. ನೂಲು ಹಿಡಿದ ಹಾಗೆ ನೆಟ್ಟಗೆ ಹೋಯಿತು. ಅಂದರೆ ಕೋಣೆಯ ಕಾಲು, ಎಣ್ಣೆ, ಪಂಪು ಸರಿ ಇವೆ. ದಿಕ್ಕು ಹೇಳುವ ಜೈರೋ ಬದಲಿಸಿದ, ಮತ್ತೆ ವಾಲಿತು. ಸ್ಟಿಯರಿಂಗ್ ತಿರುಗಿಸುವ ಮೋಟಾರು ಬದಲಿಸಿದ, ಮತ್ತೆ ವಾಲಿತು. ಪ್ರತಿ ಸಲವೂ ಆಟೋಪೈಲಟ್ ಹಾಕಿದ ಮೂರು ನಿಮಿಷ ನಲವತ್ತು ಸೆಕೆಂಡಿಗೆ. ಒಂದು ಸೆಕೆಂಡು ಹಿಂದಿಲ್ಲ, ಮುಂದಿಲ್ಲ.

ಉಳಿದದ್ದು ಒಂದೇ. ಆಟೋಪೈಲಟ್‌ನ ಆಜ್ಞೆ ಕೊಡುವ ಪೆಟ್ಟಿಗೆ.

ಅವನು ಏಣಿ ಇಳಿದು ಕೋಣೆಯ ಹಿಂದಿನ ಕಪಾಟು ತೆರೆದ. ವಿಮಾನದಲ್ಲಿ ಕೂರಿಸುವಂಥದೇ ಪೆಟ್ಟಿಗೆಯನ್ನು ಇಲ್ಲೂ ಕೂರಿಸಿದ್ದರು. ಮೊಳದುದ್ದ, ಕಪ್ಪು ಬಣ್ಣ. ನಾಲ್ಕು ತಿರುಪು ಬಿಚ್ಚಿ ಈಚೆ ಎಳೆದ. ರಿಜಿಸ್ಟರಿನ ಪ್ರಕಾರ ಇದರ ನಂಬರು ೦೨೨೨ ಇರಬೇಕು. ನಂಬರಿನ ತಗಡಿನ ಮೇಲೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದರು.

ಬ್ಲೇಡಿನಿಂದ ಮೆಲ್ಲಗೆ ಕೆರೆದ.

ಸೊನ್ನೆ. ನಾಲ್ಕು. ಒಂದು. ಏಳು.

ಸತ್ಯಪ್ಪನ ಕೈ ನಿಂತಿತು. ಕಿಸೆಯಿಂದ ಡೈರಿ ತೆಗೆದು ಜುಲೈ ಇಪ್ಪತ್ತೊಂಬತ್ತರ ಪುಟ ನೋಡಿದ. ಕ್ಯಾಪ್ಟನ್ ಬಾಳು ಅವರ ದುಂಡನೆಯ ಅಕ್ಷರ: ‘ಆಟೋಪೈಲಟ್ ಪೆಟ್ಟಿಗೆ ನಂ. ೦೪೧೭ ಎಡಕ್ಕೆ ಎಳೆಯುತ್ತದೆ. ಮೂರನೇ ಸಲ ದೂರು ಕೊಟ್ಟೆ.’

ಬಿದ್ದ ವಿಮಾನದ ಪೆಟ್ಟಿಗೆ. ಬೆಂಕಿಯಲ್ಲಿ ಸುಟ್ಟು ಬೂದಿಯಾಯಿತು ಎಂದು ಕಂಪನಿ ತನಿಖೆಯವರಿಗೆ ಬರೆದುಕೊಟ್ಟ ಪೆಟ್ಟಿಗೆ. ಅದೀಗ ಅವನ ತೊಡೆಯ ಮೇಲಿತ್ತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಪೆಟ್ಟಿಗೆಯನ್ನು ತಿರುವಿ ಮುರುವಿ ನೋಡಿದ. ಮಸಿಯಿಲ್ಲ. ತಗ್ಗಿಲ್ಲ. ಮೂಲೆಯಲ್ಲಿ ಒಂದು ಗೀರೂ ಇಲ್ಲ. ಒಂಬತ್ತು ಸಾವಿರ ಅಡಿಯಿಂದ ಬಿದ್ದು, ಸುಟ್ಟ ವಿಮಾನದಿಂದ ಹೊರಬಂದದ್ದು ತೊಳೆದಿಟ್ಟ ತಾಟಿನ ಹಾಗೆ ಹೇಗಿದೆ?

ಹೊರಗೆ ಜೀಪಿನ ಹಾರ್ನ್ ಕೇಳಿಸಿತು.

ಅವನು ಪೆಟ್ಟಿಗೆಯನ್ನು ಕಪಾಟಿಗೆ ತಳ್ಳಿ, ಎರಡೇ ತಿರುಪು ಬಿಗಿದು, ಕೆರೆದ ಬಣ್ಣದ ಪುಡಿಯನ್ನು ಅಂಗೈಯಿಂದ ಒರೆಸಿದ.

ಬಂದವರು ಕಾಡಪ್ಪ ಸಾಹೇಬರು. ಪೈಲಟ್‌ಗಳಿಗೆ ಕಲಿಸುವ ವಿಭಾಗದ ಮುಖ್ಯಸ್ಥರು, ಸ್ವತಃ ಇಪ್ಪತ್ತು ವರ್ಷ ಹಾರಿಸಿದವರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಮೆತ್ತಗಿನ ಮಾತು. ಕೂಲಿಯವರಿಗೂ ಬಹುವಚನ ಬಿಟ್ಟು ಮಾತಾಡಿದವರಲ್ಲ.

“ಏನ ಸಿಕ್ತ್ರಿ, ಸತ್ಯಪ್ಪ?”

“ಇನ್ನ ನೋಡಾಕ ಹತ್ತೇನ್ರಿ ಸಾಹೇಬ್ರ. ಫ್ಯೂಜ್‌ದಾಗ ಏನರ ಇರಬೇಕ್ರಿ.”

“ಕೈಯಾಗ ಕರೀ ಬಣ್ಣ ಆಗೇತಲ್ರಿ.”

ಸತ್ಯಪ್ಪ ಅಂಗೈ ನೋಡಿಕೊಂಡ. “ಹಳೀ ಮಶೀನ್ ಅಲ್ರೀ. ಮುಟ್ಟಿದಲ್ಲೆಲ್ಲ ಬಣ್ಣ ಉದರತೈತ್ರಿ.”

ಕಾಡಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಏಣಿಯ ಮೇಲೆ ಕಾಲಿಟ್ಟರು. “ಬರ್ರಿ. ನಾನೂ ಒಮ್ಮೆ ಹಾರ್ಸಿ ನೋಡತೇನಿ. ನೀವು ಬಾಜೂಕ ಕುಂಡ್ರ್ರಿ.”

ಒಲ್ಲೆ ಎನ್ನಲು ಕಾರಣ ಸಿಗಲಿಲ್ಲ. ಸತ್ಯಪ್ಪ ಹತ್ತಿದ. ಕಾಡಪ್ಪ ಬಾಗಿಲು ಎಳೆದು ಚಿಲಕ ಹಾಕಿದರು. ಕೋಣೆ ಕಾಲುಗಳ ಮೇಲೆ ಎದ್ದು ನಿಂತಿತು.

“ಒಂಬತ್ತು ಸಾವಿರ ಅಡಿ,” ಎಂದರು. “ಈಗ ಆಟೋಪೈಲಟ್.”

ಸತ್ಯಪ್ಪ ಕಿಸೆಯೊಳಗೇ ಸ್ಟಾಪ್‌ವಾಚ್ ಒತ್ತಿದ. ಅಂಗೈಯಲ್ಲಿ ಅದರ ಬಡಿತ ಗೊತ್ತಾಗುತ್ತಿತ್ತು.

ಒಂದು ನಿಮಿಷ. ಎರಡು. ಕಾಡಪ್ಪ ತಮ್ಮ ಮಗಳ ಮದುವೆಯ ಮಾತಾಡಿದರು. ರಾಮದುರ್ಗದ ಕಡೆಯ ಸಂಬಂಧ, ಹುಡುಗ ಡಾಕ್ಟರು, ಅವನ ತಾಯಿ ಸ್ವಲ್ಪ ಬಿಗಿ. ಸತ್ಯಪ್ಪ ಹ್ಞೂಂಗುಟ್ಟಿದ. ಮೂರು ನಿಮಿಷ. ಅವನು ತಲೆಯಲ್ಲೇ ಎಣಿಸುತ್ತಿದ್ದ. ಮೂರು ಇಪ್ಪತ್ತು. ಮೂರು ಮೂವತ್ತು.

ಮಾತಿನ ನಡುವೆಯೇ ಕಾಡಪ್ಪನವರ ಎಡಗೈ ಸ್ಟಿಯರಿಂಗ್ ಬಿಟ್ಟು ಕುರ್ಚಿಯ ಪಕ್ಕಕ್ಕೆ ಇಳಿಯಿತು. ಅಲ್ಲಿ ಸಾಲಾಗಿ, ಎಳೆದರೆ ಒಂದೊಂದು ಯಂತ್ರದ ಕರೆಂಟು ಕಡಿಯುವ ಸಣ್ಣ ಕರಿ ಗುಂಡಿಗಳಿದ್ದವು. ಅವರು ನೋಡಲೇ ಇಲ್ಲ. ಬೆರಳು ತಡಕಿ ಐದನೆಯದರ ಮೇಲೆ ನಿಂತಿತು.

ಇನ್ನೂ ಏನೂ ಆಗಿರಲಿಲ್ಲ. ಸ್ಟಿಯರಿಂಗ್ ನೆಟ್ಟಗಿತ್ತು.

ಮೂರು ನಲವತ್ತು. ಸ್ಟಿಯರಿಂಗ್ ಎಡಕ್ಕೆ ಹೊರಳಿದ್ದೇ ತಡ ಕಾಡಪ್ಪ ಗುಂಡಿ ಕಿತ್ತರು. ಆಟೋಪೈಲಟ್‌ನ ದೀಪ ಆರಿತು. ಕೋಣೆ ವಾಲುವ ಮೊದಲೇ ನೆಟ್ಟಗಾಯಿತು.

“ಇಷ್ಟೇ ಅಲ್ಲೇನ್ರಿ,” ಎಂದರು ಕಾಡಪ್ಪ. “ಸ್ವಲ್ಪ ಅಲುಗಾಡಿತು.”

ಸತ್ಯಪ್ಪ ಐದನೆಯ ಗುಂಡಿಯನ್ನೇ ನೋಡಿದ. ಕೆಂಪು ಗುಂಡಿ ಒತ್ತಬೇಕೆಂದು ಪುಸ್ತಕದಲ್ಲಿದೆ. ಯಾವ ಪೈಲಟ್ ಆದರೂ ಮೊದಲು ಅದನ್ನೇ ಒತ್ತುತ್ತಾನೆ. ಕೆಂಪು ಗುಂಡಿ ಕೆಲಸ ಮಾಡುವುದಿಲ್ಲ ಎಂದು ಇವರಿಗೆ ಮೊದಲೇ ಗೊತ್ತಿತ್ತು. ಎಷ್ಟು ಹೊತ್ತಿಗೆ ವಾಲುತ್ತದೆ ಎಂದೂ ಗೊತ್ತಿತ್ತು. ಇದೇ ಮನುಷ್ಯ ತನಿಖೆಯವರ ಮುಂದೆ, ಈ ಜಾತಿಯ ಪೆಟ್ಟಿಗೆ ವಾಲಿದ್ದನ್ನು ಕಂಡೂ ಇಲ್ಲ, ಕೇಳಿಯೂ ಇಲ್ಲ ಎಂದು ಹೇಳಿಕೆ ಕೊಟ್ಟಿದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು. ಮಧ್ಯಾಹ್ನ ಎರಡಕ್ಕೆ ಬೈಲಹೊಂಗಲದಲ್ಲಿ ಕರೆಂಟು ಹೋಗುವುದು ನಿತ್ಯದ ಮಾತು. ಆದರೆ ಈ ಕೋಣೆಯೊಳಗೆ ಕುಳಿತು ಅದನ್ನು ಅನುಭವಿಸಿದ್ದು ಅದೇ ಮೊದಲು. ದೀಪಗಳೆಲ್ಲ ಒಟ್ಟಿಗೇ ಆರಿದವು. ಪಂಪು ನಿಂತಿತು. ಕಾಲುಗಳಲ್ಲಿನ ಎಣ್ಣೆಯ ಒತ್ತಡ ಇಳಿದು ಕೋಣೆ ನಿಟ್ಟುಸಿರು ಬಿಡುತ್ತ, ಕತ್ತಲಲ್ಲಿ ಕೆಳಗೆ ಕುಸಿಯತೊಡಗಿತು.

“ಹೆದರಬ್ಯಾಡ್ರಿ,” ಕಾಡಪ್ಪನವರ ದನಿ ತೀರಾ ಹತ್ತಿರದಿಂದ ಬಂತು. “ಗೇಟಿನ ಹನುಮಪ್ಪ ಜನರೇಟರ್ ಚಾಲೂ ಮಾಡತಾನ.”

“ಹೆದರಿಲ್ರಿ.”

“ಲಕ್ಕಪ್ಪ ನಿಮ್ಮ ಗೆಳ್ಯಾ ಅಲ್ಲೇನ್ರಿ?”

ಸತ್ಯಪ್ಪ ಕಂಪನಿಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. “ಪರಿಚಯ ಇತ್ತ್ರಿ.”

“ಪರಿಚಯ.” ಕುರ್ಚಿ ಕಿರುಗುಟ್ಟಿತು. “ಹದಿನೈದ ವರ್ಷದ ಪರಿಚಯ. ಅವ ನಿಮ್ಮ ಕೈಯಾಗ ಏನರ ಕೊಟ್ಟಿದ್ನೇನ್ರಿ? ಕಾಗದ, ಪತ್ರ?”

“ಇಲ್ರಿ.”

“ಖರೇನ?”

“ಖರೇನರಿ.”

ಸತ್ಯಪ್ಪ ಚಿಲಕದ ದಿಕ್ಕನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅದು ಕಾಡಪ್ಪನವರ ಆಚೆಗಿತ್ತು.

“ಲಕ್ಕಪ್ಪನೂ ಇಲ್ಲೇ ಕುಂತಿದ್ದ,” ಎಂದರು ಅವರು, ಅದೇ ಮೆತ್ತಗಿನ ದನಿಯಲ್ಲಿ. “ಅವನ್ನೂ ಕೇಳಿದ್ದೆ. ನಿಮ್ಮಂಗ ಇಲ್ರಿ ಅಂದ. ಮರುದಿನ ಅವನ ಸೈಕಲ್ ಸಿಕ್ತು. ನಿಮಗ ಮನಿಯಾಗ ಹೆಂಡತಿ ಅದಾರ, ಲಗಮವ್ವ ಅಂತ. ನೋಡ್ರಿ ಸತ್ಯಪ್ಪ, ನಾ ಯಾರಿಗೂ ಕೆಟ್ಟದ್ದು ಬಯಸಾಂವ ಅಲ್ಲ. ಬೆಳಗಾವಿಯಿಂದ ಹೊಸಾ ಪೆಟಗಿ ತಂದೇನಿ, ಜೀಪಿನ್ಯಾಗ ಐತಿ. ಅದನ್ನ ಕೂಡಸ್ರಿ. ಹಳೇದ್ದನ್ನ ನನಗ ಕೊಡ್ರಿ. ಮಶೀನ್ ಸರಿ ಐತಿ ಅಂತ ರಿಜಿಸ್ಟರ್‌ದಾಗ ಸಹಿ ಮಾಡ್ರಿ. ನಿಮ್ಮ ಕೆಲಸ ಮುಗೀತು.”

“ಹಳೇದ್ದು ಯಾಕ್ರಿ ಸಾಹೇಬ್ರ?”

ಕೇಳಿದ ಮೇಲೆ ಸತ್ಯಪ್ಪನಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು.

“ಅದನ್ನ ನೀವು ಕೇಳಬಾರದು,” ಎಂದರು ಕಾಡಪ್ಪ.

ಹೊರಗೆ ಜನರೇಟರ್ ಕೆಮ್ಮಿ ಗುಡುಗಿತು. ದೀಪ ಬಂತು. ಸಾಹೇಬರು ಅವನ ಕಡೆ ತಿರುಗಿ ಕುಳಿತಿದ್ದರು. ಅವರ ಹಣೆಯ ಮೇಲೂ ಬೆವರಿತ್ತು. ಅದನ್ನು ನೋಡಿ ಸತ್ಯಪ್ಪನಿಗೆ ಹೆಚ್ಚು ಭಯವಾಯಿತು. ಈ ಮನುಷ್ಯನೂ ಯಾರಿಗೋ ಹೆದರಿದ್ದಾನೆ.

ಹೊಸ ಪೆಟ್ಟಿಗೆಯನ್ನು ಕಾವಲುಗಾರ ಹನುಮಪ್ಪನ ಕೈಯಿಂದ ಒಳಗಿರಿಸಿ ಕಾಡಪ್ಪ ಸರ್ಕಾರಿ ಬಂಗಲೆಗೆ ಊಟಕ್ಕೆ ಹೊರಟರು. “ನಾಕಕ್ಕ ಬರತೇನಿ. ಹನುಮಪ್ಪ ಗೇಟಿನ್ಯಾಗ ಇರತಾನ. ನಿಮಗೇನರ ಬೇಕಂದ್ರ ಅವನ್ನ ಕೇಳ್ರಿ. ನೀವು ಹೊರಗ ಹೋಗೂದು ಬ್ಯಾಡ.”

ಜೀಪಿನ ಸದ್ದು ದೂರವಾಗುವವರೆಗೂ ಸತ್ಯಪ್ಪ ಕಪಾಟಿಗೆ ಒರಗಿ ನಿಂತಿದ್ದ. ಈಗಲೇ ಸಹಿ ಮಾಡಿ ಮನೆಗೆ ಹೋಗಿ ಲಗಮವ್ವ ಮಾಡಿದ ರೊಟ್ಟಿ ತಿಂದು ಮಲಗಿಬಿಡಬೇಕು ಅನ್ನಿಸಿತು. ಯಾರೂ ಅವನನ್ನು ಬೈಯುತ್ತಿರಲಿಲ್ಲ. ಲಕ್ಕಪ್ಪ ಒಬ್ಬನೇ ಬೈಯಬಹುದಿತ್ತು, ಅವನೂ ಇಲ್ಲ.

ಪೆಟ್ಟಿಗೆಯನ್ನು ಮತ್ತೆ ಈಚೆ ತೆಗೆದ.

ಒಂದು ದಾರಿ ಹೊಳೆದಿತ್ತು. ನಂಬರಿನ ತಗಡನ್ನೂ ಒಳಗಿನ ತಂತಿಯ ಹಲಗೆಗಳನ್ನೂ ಬಿಚ್ಚಿ ತಾನು ಇಟ್ಟುಕೊಂಡು, ಬರೀ ಡಬ್ಬಿಯೊಳಗೆ ತನ್ನ ಚೀಲದಲ್ಲಿದ್ದ ಹಳೇ ರೇಡಿಯೋದ ಸಾಮಾನು ತುಂಬಿ ಸಾಹೇಬರಿಗೆ ಕೊಡುವುದು. ಅವರು ಬೆಳಗಾವಿ ಮುಟ್ಟಿ ಬಿಚ್ಚಿ ನೋಡುವಷ್ಟರಲ್ಲಿ ಹಲಗೆಗಳು ರಾಯವ್ವ ಅಕ್ಕಾರ ಮನೆ ಸೇರಿರುತ್ತವೆ. ಸೋಮವಾರ ತನಿಖೆಯವರ ಮೇಜಿನ ಮೇಲೆ.

ಮುಚ್ಚಳದ ಎಂಟು ತಿರುಪು ಬಿಚ್ಚಿದ. ಒಳಗೆ ಮೂರು ಹಲಗೆಗಳು ಒಂದರ ಮಗ್ಗುಲಿಗೆ ಒಂದು ನಿಂತಿದ್ದವು. ಮೊದಲನೆಯದನ್ನು ಎಳೆದ. ಎರಡನೆಯದು ಬಿಗಿಯಾಗಿತ್ತು. ಅಲುಗಿಸಿ ಅಲುಗಿಸಿ ಎಳೆದಾಗ ಅದರ ಹಿಂದಿನಿಂದ, ಮೇಣದ ಕಾಗದದಲ್ಲಿ ಸುತ್ತಿದ ಒಂದು ಚೀಟಿ ಜಾರಿ ಕೆಳಗೆ ಬಿತ್ತು.

ಬಿಚ್ಚಿ ನೋಡಿದ. ಲಕ್ಕಪ್ಪನ ಅಕ್ಷರ. ಹದಿನೈದು ವರ್ಷ ಒಂದೇ ರಿಜಿಸ್ಟರಿನಲ್ಲಿ ತನ್ನ ಬರಹದ ಕೆಳಗೆ ಬರುತ್ತಿದ್ದ ಅಕ್ಷರ ಅದು.

‘ಸತ್ಯಪ್ಪ, ಇವರು ಮಶೀನ್ ರಿಪೇರಿಗೆ ನಿನ್ನ ಬಿಟ್ಟು ಬ್ಯಾರೆ ಯಾರನ್ನೂ ಕರೆಯಂಗಿಲ್ಲ, ಅದಕ್ಕ ನಿನಗ ಬರ್ಯಾಕತ್ತೇನಿ. ಆಗಸ್ಟ್ ಎಂಟರ ಸಂಜೀಕ ಈ ಪೆಟಗಿಯನ್ನ ವಿಮಾನದಿಂದ ಬಿಚ್ಚಿ ತಗದಾಂವ ನಾನ. ಇದರ ಜಾಗಾದಾಗ ಇನ್ನೊಂದು ಕೂಡ್ಸಿದಾಂವನೂ ನಾನ. ಮರುದಿನ ವಿಮಾನ ಬಿತ್ತು. ತಗಿ ಅಂತ ಹೇಳಿದವರು, ಇನ್ನೊಂದನ್ನ ತಂದು ನನ್ನ ಕೈಯಾಗ ಕೊಟ್ಟವರು ಕಂಪನಿಯವರಲ್ಲ. ರಾಯವ್ವ ಅಕ್ಕಾರು.’

ಅವನು ಎರಡು ಸಲ ಓದಿದ. ಮೂರನೇ ಸಲ ಹೆಸರನ್ನಷ್ಟೇ ಓದಿದ.

ಅದಕ್ಕೇ ಪೆಟ್ಟಿಗೆಯ ಮೇಲೆ ಮಸಿ ಇರಲಿಲ್ಲ. ಇದು ಆ ವಿಮಾನದಲ್ಲಿ ಬೀಳಲೇ ಇಲ್ಲ. ಬಿದ್ದದ್ದು, ಮೂವತ್ತೊಂದು ಜನರನ್ನು ಕೊಂದದ್ದು, ಅವರಲ್ಲಿ ಆಕೆಯ ಗಂಡನನ್ನೂ ಕೊಂದದ್ದು, ಆಕೆ ಕೊಟ್ಟ ಇನ್ನೊಂದು ಪೆಟ್ಟಿಗೆ. ಹಾಗಾದರೆ ಡೈರಿ ಯಾಕೆ ಕೊಟ್ಟಳು? ತನ್ನನ್ನು ಇಲ್ಲಿಗೆ ಯಾಕೆ ಕಳಿಸಿದಳು? ಗಂಡನ ಹೆಸರು ಉಳಿಸುವುದಕ್ಕೋ, ಇದೊಂದು ಪೆಟ್ಟಿಗೆ ಎಲ್ಲಿದೆಯೆಂದು ಹುಡುಕಿಸುವುದಕ್ಕೋ?

“ಅಣ್ಣಾರ.”

ಹತ್ತಿಯ ಬಂಡಿಗಳು ಬರುತ್ತಿದ್ದ ಹಿಂದಿನ ಬಾಗಿಲಲ್ಲಿ ರಾಯವ್ವ ನಿಂತಿದ್ದಳು. ಸಾಲೆಯಿಂದ ನೆಟ್ಟಗೆ ಬಂದಿರಬೇಕು, ಸೆರಗಿನ ಮೇಲೆ ಸುಣ್ಣದಕಡ್ಡಿಯ ಪುಡಿಯಿತ್ತು. ಕೈಯಲ್ಲಿ ಊಟದ ಡಬ್ಬಿ. ಬಿಸಿಲು ಅವಳ ಬೆನ್ನಿಗಿದ್ದುದರಿಂದ ಮುಖ ಕಾಣುತ್ತಿರಲಿಲ್ಲ.

ಸತ್ಯಪ್ಪ ಚೀಟಿಯನ್ನು ಮುಷ್ಟಿಯೊಳಗೆ ಹಿಸುಕಿಕೊಂಡ.

“ಅಕ್ಕಾರ, ನೀವು ಇಲ್ಲಿ ಬರಬಾರದಿತ್ರಿ. ಹನುಮಪ್ಪ ನೋಡಿದ್ರ…”

“ಹನುಮಪ್ಪ ನನ್ನ ನೋಡಂಗಿಲ್ರಿ,” ಎಂದಳು. ಯಾಕೆ ನೋಡುವುದಿಲ್ಲ ಎಂದು ಹೇಳಲಿಲ್ಲ. ಬಿಚ್ಚಿದ ಪೆಟ್ಟಿಗೆಯನ್ನೂ ಎಳೆದಿಟ್ಟ ಹಲಗೆಗಳನ್ನೂ ಒಂದೊಂದಾಗಿ ನೋಡಿದಳು. “ಸಿಕ್ತಲ್ರಿ ಕಡೀಕ.”

“ಸಿಕ್ತ್ರಿ.”

“ಡೈರ್ಯಾಗಿನ ನಂಬರ್ ಕೂಡೇತೇನ್ರಿ?”

“ಕೂಡೇತ್ರಿ. ಸಾಹೇಬ್ರು ನಾಕಕ್ಕ ಬಂದು ಒಯ್ತೇನಿ ಅಂದಾರ. ಅಷ್ಟರಾಗ ನಾನು ಇದನ್ನ ನಿಮ್ಮ ಮನಿಗೆ…” ತನ್ನ ದನಿ ತನಗೇ ಸುಳ್ಳಾಗಿ ಕೇಳಿಸಿತು.

ರಾಯವ್ವ ಒಳಗೆ ಬಂದಳು. ಡಬ್ಬಿಯನ್ನು ನೆಲದ ಮೇಲಿಟ್ಟಳು. ಅವನ ಮುಷ್ಟಿಯ ಕಡೆ ಅವಳು ನೋಡಲಿಲ್ಲ, ಕಣ್ಣಿನ ಕಡೆಯೇ ನೋಡಿದಳು. ನೀರಿಲ್ಲದ ಅದೇ ಕಣ್ಣು.

“ಅಣ್ಣಾರ, ಒಂದು ಮಾತು ಕೇಳಲೇನ್ರಿ?”

“ಕೇಳ್ರಿ.”

“ಇದರಾಗ ಲಕ್ಕಪ್ಪ ಒಂದು ಚೀಟಿ ಇಟ್ಟೇನಿ ಅಂದಿದ್ದ. ನಿನ್ನೆ ಮುಂಜಾನೆ ಹೇಳಿದ.”

ಒಂಬತ್ತು ದಿನದ ಹಿಂದೆ ನೀರಲ್ಲಿ ಮುಳುಗಿ ಸತ್ತ ಎಂದು ಪೊಲೀಸರು ಬರೆದುಕೊಂಡವನು.

“ನಿನ್ನೆ?” ಎಂದ ಸತ್ಯಪ್ಪ.

ರಾಯವ್ವ ಹಿಂದೆ ತಿರುಗಿ, ತಾನು ಬಂದ ಬಾಗಿಲನ್ನು ಎಳೆದು, ಅಗುಳಿ ಹಾಕಿ, ಚೀಟಿಗಾಗಿ ಬಲಗೈಯನ್ನು ಅವನ ಮುಂದೆ ಚಾಚಿದಳು.